ಹನ್ನೊಂದು ನಿಮಿಷದ ಆಟ

ಜೂನ್ ೪

ಮಗಳೇ,

ಫೋನಿನಲ್ಲಿ ಮಾತಾಡಿದರೆ ಜಗಳವೇ ಆಗುತ್ತದೆ, ಏನಿದ್ದರೂ ಕಾಗದ ಬರಿ ಎಂದು ನೀನು ಹೇಳಿ ಎರಡು ವರ್ಷವಾಯಿತು. ನಾನು ಬರೆದದ್ದು ಮೂರೋ ನಾಲ್ಕೋ. ಪೆನ್ನು ಹಿಡಿದರೆ ನನಗೆ ಹಾಜರಿ ಪುಸ್ತಕ ಬಿಟ್ಟು ಬೇರೇನೂ ತೋಚುವುದಿಲ್ಲ. ಇವತ್ತು ಮಾತ್ರ ಬರೆಯದೆ ಇರಲಾರೆ.

ನಿಮ್ಮ ಸಂಸ್ಥೆಯಿಂದ ನಮ್ಮ ಕೇಂದ್ರಕ್ಕೆ ಪತ್ರ ಬಂದಿದೆ. ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ಆಡಿಸುವ ನಮ್ಮಂಥವರಿಗೆಲ್ಲ ಜುಲೈನಲ್ಲಿ ಎರಡು ದಿನದ ತರಬೇತಿಯಂತೆ. ಅಂಗವಿಕಲ ಮಕ್ಕಳನ್ನು ಉಳಿದವರ ಜೊತೆ ಸೇರಿಸಿಕೊಳ್ಳುವುದು ಹೇಗೆಂದು ಹೇಳಿಕೊಡುತ್ತಾರಂತೆ. ಡ್ರಾಯಿಂಗ್ ಟೀಚರ್ ಲಕೋಟೆ ನೋಡಿ, "ಮೇಡಂ, ಇದು ನಿಮ್ಮ ಮಗಳ ಆಫೀಸಲ್ವಾ?" ಅಂದಳು. ನಾನು ಏನೂ ಆಗದವಳ ಹಾಗೆ ಹೌದು ಅಂದೆ. ಆಮೇಲೆ ಗೇಟಿನವನಿಗೂ ಕರೆದು ತೋರಿಸಿದೆ. ಮೂವತ್ತೊಂದು ವರ್ಷ ಮಕ್ಕಳನ್ನು ಆಡಿಸಿದವಳಿಗೆ ಈಗ ಪಾಠ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತ ನಕ್ಕೆ. ಆದರೆ ಖುಷಿಯಾಯಿತು. ಜೊತೆಗೆ ಒಂದು ಪುಸ್ತಿಕೆ ಬಂದಿದೆ, ನೀನೇ ಬರೆದದ್ದಂತೆ. ಕನ್ನಡಕದ ಕಡ್ಡಿ ಮುರಿದಿದೆ, ರಿಪೇರಿಯಾದ ಮೇಲೆ ಓದುತ್ತೇನೆ.

ನಿನಗೆ ಹೇಳಬೇಕಾದ್ದು ಇನ್ನೊಂದಿದೆ. ಒಂಬತ್ತು ವರ್ಷದ ಹೊಸ ಹುಡುಗಿಯೊಬ್ಬಳು ಸೇರಿದ್ದಾಳೆ. ಎರಡೂ ಕಾಲಿಗೆ ಮಂಡಿಯ ತನಕ ಕಬ್ಬಿಣದ ಪಟ್ಟಿ. ಬಾಯಿ ಮಾತ್ರ ಒಂದು ಗಳಿಗೆ ಸುಮ್ಮನಿರುವುದಿಲ್ಲ, ಅದಕ್ಕೇ ಎಲ್ಲರೂ ಗುಬ್ಬಿ ಎನ್ನುತ್ತಾರೆ. ಅವಳಿಗೂ ಸೀಟಿ ಕೊಟ್ಟೆ, ಸ್ಕೋರ್ ಪುಸ್ತಕ ಕೊಟ್ಟೆ, ಕಿಟಕಿ ಕೆಳಗಿನ ನಿನ್ನ ಸಿಮೆಂಟ್ ಬೆಂಚಿನ ಮೇಲೇ ಕೂರಿಸಿದೆ. ಅವಳಮ್ಮ ನನ್ನ ಕೈ ಹಿಡಿದುಕೊಂಡು ಅತ್ತೇಬಿಟ್ಟಳು. ನೀವು ಬಂದು ಹೇಳಿಕೊಡುವ ಮೊದಲೇ ಸೇರಿಸಿಕೊಳ್ಳುವ ಕೆಲಸ ನಮ್ಮಲ್ಲಿ ಎಂದೋ ಶುರುವಾಗಿದೆ ನೋಡು.

ತರಬೇತಿಗೆ ನೀನೇ ಬರುತ್ತೀಯಾ? ಮನೆ ಬಾಗಿಲಿನ ಮೆಟ್ಟಿಲು ಒಡೆಸಿ ಇಳಿಜಾರು ಮಾಡಿಸಿದ್ದೇನೆ. ನೀನು ಕೇಳಿ ಆರು ವರ್ಷವಾದ ಮೇಲೆ ಮಾಡಿಸಿದೆ ಎಂದು ಬೈಯಬೇಡ. ನಿನ್ನ ಗಾಲಿಕುರ್ಚಿಯ ಅಗಲ ಮರೆತಿತ್ತು. ಅಂದಾಜಿನ ಮೇಲೆ ಒಂದು ಗೇಣು ಜಾಸ್ತಿಯೇ ಇರಲಿ ಅಂದೆ.

ನಿನ್ನ,
ಅಮ್ಮ


ಜೂನ್ ೧೩

ಅಮ್ಮ,

ನಾನು ಬರುವುದಿಲ್ಲ. ತನ್ನ ಮನೆಯವರು ಕೆಲಸ ಮಾಡುವ ಕಡೆ ಯಾರೂ ತರಬೇತಿ ಕೊಡಬಾರದು ಎಂದು ನಮ್ಮಲ್ಲೊಂದು ನಿಯಮವಿದೆ. ಆ ನಿಯಮ ಮಾಡಿದವಳು ನಾನೇ.

ನನ್ನ ಸಹೋದ್ಯೋಗಿ ಬರುತ್ತಾಳೆ. ತುಂಬ ಎತ್ತರದವಳು, ಬಾಗಿಲಲ್ಲಿ ತಲೆ ಬಗ್ಗಿಸು ಎಂದು ನೆನಪಿಸಬೇಕಾಗುತ್ತದೆ. ಕಿವಿ ಮಂದ. ಎದುರಿಗೆ ನಿಂತು ನಿಧಾನವಾಗಿ ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಾಳೆ. ಕೂಗಬೇಡ, ನೀನು ಕೂಗುತ್ತೀಯ ಎಂದು ಗೊತ್ತು.

ಇಳಿಜಾರು ಮಾಡಿಸಿದ್ದು ಒಳ್ಳೆಯದಾಯಿತು. ನಿನ್ನ ಮಂಡಿಗೂ ಬೇಕಾಗುತ್ತದೆ.

ಕನ್ನಡಕ ಬೇಗ ರಿಪೇರಿ ಮಾಡಿಸಿಕೊಂಡು ಪುಸ್ತಿಕೆಯ ಏಳನೇ ಪುಟ ಓದು. ಓದದಿದ್ದರೂ ಸರಿ, ಗುಬ್ಬಿಯ ಕೈಯಿಂದ ಆ ಸೀಟಿ ತೆಗೆದುಕೋ.

ಇಂತಿ,
ನಿನ್ನ ಮಗಳು


ಜೂನ್ ೧೮

ಮಗಳೇ,

ಓದಿದೆ. ನಿಂತುಕೊಂಡೇ ಓದಿದೆ.

"ಒಂದು ಕೇಂದ್ರದಲ್ಲಿ ಒಬ್ಬ ಹುಡುಗಿ ಆರು ವರ್ಷ ಬೆಂಚಿನ ಮೇಲೆ ಕೂತು ಬೇರೆ ಮಕ್ಕಳ ಸ್ಕೋರ್ ಬರೆದಳು. ಅಲ್ಲಿನವರು ಅದನ್ನು ಸೇರಿಸಿಕೊಳ್ಳುವುದು ಎಂದು ಕರೆದರು. ಓಡಿದರೆ ಕಾಲು ಬೇಗ ಹೋಗುತ್ತದೆ ಎಂದು ವೈದ್ಯರೇ ಹೇಳಿದ್ದರಿಂದ ಅವಳನ್ನು ತಡೆದವರನ್ನು ದೂರುವಂತಿಲ್ಲ. ಆದರೆ ಅವಳು ಆಡಬಹುದಾದ ಒಂದೇ ಒಂದು ಆಟವನ್ನಾದರೂ ಯಾರೂ ಯೋಚಿಸಲಿಲ್ಲ. ಆ ಆರು ವರ್ಷದಲ್ಲಿ ಅವಳು ಆಡಿದ್ದು ಒಟ್ಟು ಹನ್ನೊಂದು ನಿಮಿಷ."

ಹೆಸರಿಲ್ಲ, ಊರಿಲ್ಲ. ಆದರೂ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನ್ನ ಸ್ಥಿತಿ. ಡ್ರಾಯಿಂಗ್ ಟೀಚರ್ ಕೂಡ ಓದಿದ್ದಾಳೆ. ಅವತ್ತಿನಿಂದ ನನ್ನ ಮುಖ ನೋಡಿ ಮಾತಾಡುತ್ತಿಲ್ಲ, ನನ್ನ ಮೇಜಿನ ಜೊತೆ ಮಾತಾಡುತ್ತಾಳೆ.

ನಿನ್ನನ್ನು ಬೆನ್ನ ಮೇಲೆ ಹೊತ್ತು ಎರಡು ಮಹಡಿ ಹತ್ತಿದವಳು ನಾನು. ನೀನು ಬಿದ್ದ ದಿನವೆಲ್ಲ ನಾನು ಉಂಡಿಲ್ಲ. ಬೇರೆ ತಾಯಂದಿರು ಅಂಥ ಮಕ್ಕಳನ್ನು ಮನೆಯೊಳಗೆ ಬಚ್ಚಿಡುತ್ತಿದ್ದ ಕಾಲದಲ್ಲಿ ನಿನ್ನನ್ನು ನಲವತ್ತು ಮಕ್ಕಳ ನಡುವೆ ಕೂರಿಸಿ, ಎಲ್ಲರೂ ನಿನ್ನ ಸೀಟಿಗೆ ನಿಲ್ಲುವ ಹಾಗೆ ಮಾಡಿದೆ. ಅದು ಊರಿಗೆಲ್ಲ ಡಂಗುರ ಸಾರುವಂಥ ಪಾಪವೇ? ನನ್ನ ಹೊಟ್ಟೆಯಲ್ಲಿ ಹುಟ್ಟಿದವಳೇ ನನ್ನ ಗಾಯದ ಮೇಲೆ ಬರೆ ಎಳೆದಳು.

ವೈದ್ಯರ ಮಾತು ಬರೆದಿದ್ದೀಯ, ಅಷ್ಟಾದರೂ ನ್ಯಾಯ ಇಟ್ಟಿದ್ದೀಯ. ಆ ವಿಷಯ ಬಿಡು.

ಗುಬ್ಬಿಯ ಸೀಟಿ ಅವಳ ಹತ್ತಿರವೇ ಇದೆ. ಅವಳಿಗೆ ಅದು ಇಷ್ಟ. ಕೇಳಿದೆ, ಇಷ್ಟ ಅಂದಳು.

ಅಮ್ಮ


ಜೂನ್ ೨೭

ಅಮ್ಮ,

ನಾನೂ ಇಷ್ಟ ಎಂದೇ ಹೇಳುತ್ತಿದ್ದೆ. ಬೆಂಚಿನಿಂದಲೂ ಎಬ್ಬಿಸಿಬಿಟ್ಟರೆ ಎಂಬ ಹೆದರಿಕೆ ಇತ್ತು.

ಕೂತು ಓದು, ನಿಂತುಕೊಂಡು ಬೇಡ. ಏಳನೇ ಪುಟ ನಿನ್ನನ್ನು ಚುಚ್ಚಲು ಬರೆದದ್ದಲ್ಲ. ಅದನ್ನು ಹತ್ತು ಸಲ ತಿದ್ದಿದ್ದೇನೆ. "ದೂರುವಂತಿಲ್ಲ" ಎಂಬ ಸಾಲು ಮೊದಲು ಇರಲಿಲ್ಲ. ಹಾಗೇ ಅಚ್ಚಿಗೆ ಕೊಡಲು ಮನಸ್ಸು ಬರಲಿಲ್ಲ. ಡಾಕ್ಟರು ಬೇಡ ಅಂದಮೇಲೆ ಅಮ್ಮನಾದರೂ ಏನು ಮಾಡಿಯಾಳು ಎನ್ನಿಸಿ ಆ ಸಾಲು ಸೇರಿಸಿದೆ. ಇಷ್ಟು ವರ್ಷ ನಿನ್ನ ಮೇಲೆ ಕೋಪ ಬಂದಾಗಲೆಲ್ಲ ಅದನ್ನೇ ನನಗೆ ನಾನು ಹೇಳಿಕೊಂಡಿದ್ದೇನೆ. ಅದೊಂದು ಇರದಿದ್ದರೆ ಈ ಕಾಗದವೂ ಇರುತ್ತಿರಲಿಲ್ಲ.

ಆ ಹನ್ನೊಂದು ನಿಮಿಷ ನಿನಗೆ ನೆನಪಿದೆಯೋ ಇಲ್ಲವೋ. ನನಗೆ ಹತ್ತು ವರ್ಷ. ನೀನು ಒಳಗೆ ಸಾಮಾನು ಕೋಣೆಯಲ್ಲಿ ಚೆಂಡು ಎಣಿಸುತ್ತಿದ್ದೆ. ಗೆರೆ ಚೆಂಡು ಆಡುತ್ತಿದ್ದರು, ಆ ಗೆರೆಯಿಂದ ಈ ಗೆರೆಗೆ ಓಡುವುದು, ಚೆಂಡು ತಾಗಿದರೆ ಔಟು. ಒಬ್ಬಳು ಕಡಿಮೆ ಬಿದ್ದಳು. ಡ್ರಾಯಿಂಗ್ ಟೀಚರ್, ಆಗಿನ್ನೂ ಹೊಸಬಳು, "ಬಾರೇ, ನೀನೇ ಬಾ" ಅಂದಳು. ನಾನು ಪುಸ್ತಕದಲ್ಲಿ ೪:೨೦ ಎಂದು ಬರೆದು ಬೆಂಚಿನ ಮೇಲಿಟ್ಟು ಹೋದೆ. ನೀನು ಬಂದು ಸೀಟಿ ಊದಿದ ಮೇಲೆ ವಾಪಸ್ ಬಂದು ಕೂತು ೪:೩೧ ಎಂದು ಬರೆದೆ. ನೀನು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ನನ್ನ ಹತ್ತಿರ ಕ್ಷಮೆ ಕೇಳಿಸಿದೆ. ಅದಾದ ಮೇಲೆ ಯಾರೂ ನನ್ನನ್ನು ಕರೆಯಲಿಲ್ಲ. ಕರೆದರೆ ಬೈಸಿಕೊಳ್ಳಬೇಕಾಗುತ್ತದಲ್ಲ.

ಹದಿನಾಲ್ಕಕ್ಕೆ ಕಾಲು ಹೋಯಿತು. ನೀನು ತಡೆಯದಿದ್ದರೆ ಹನ್ನೆರಡಕ್ಕೇ ಹೋಗುತ್ತಿತ್ತೇನೋ. ಆ ಎರಡು ವರ್ಷ ನೀನು ಕೊಟ್ಟದ್ದು ಎಂದುಕೊಂಡಿದ್ದೇನೆ.

ತರಬೇತಿಗೆ ತಪ್ಪಿಸಿಕೊಳ್ಳಬೇಡ, ತಲೆನೋವು ಎನ್ನಬೇಡ.

ನಿನ್ನ ಮಗಳು


ಆಗಸ್ಟ್ ೯

ಮಗಳೇ,

ತರಬೇತಿ ಮುಗಿದು ಎರಡು ವಾರದ ಮೇಲಾಯಿತು. ಈ ಕಾಗದ ಐದು ಸಲ ಶುರುಮಾಡಿ ಹರಿದಿದ್ದೇನೆ. ಇದನ್ನು ಹರಿಯುವುದಿಲ್ಲ.

ನಿನ್ನ ಗೆಳತಿ ಒಳ್ಳೆಯವಳು. ನಾನು ಅವಳಿಗೆ ಉದ್ದಕ್ಕ ಎಂದು ಹೆಸರಿಟ್ಟೆ, ಅವಳು ನಕ್ಕಳು. ನೀನು ಹೇಳಿದ ಹಾಗೇ ನಾನು ಕೂಗಿದೆ, ಅವಳು ಕಿವಿಯ ಯಂತ್ರ ತೋರಿಸಿ, "ಅಮ್ಮಾ, ಇದು ಹೊಸದು, ಒಡೆದುಹೋದೀತು" ಅಂದಳು.

ಮೊದಲ ದಿನ ಮಧ್ಯಾಹ್ನ ನಮ್ಮನ್ನೆಲ್ಲ ಅಂಗಳಕ್ಕೆ ಕರೆದುಕೊಂಡು ಹೋಗಿ ಚೀಟಿ ಎತ್ತಿಸಿದಳು. ಎಲ್ಲರೂ ಗೆರೆ ಚೆಂಡು ಆಡಬೇಕು, ಬಿಳಿ ಚೀಟಿ ಬಂದವರು ಮಾತ್ರ ಸೀಟಿ ಹಿಡಿದು ಬೆಂಚಿನ ಮೇಲೆ ಸ್ಕೋರ್ ಬರೆಯಬೇಕು. ಬಿಳಿ ಚೀಟಿ ನನಗೆ ಬಂತು. ಅವಳು ಬೇಕೆಂದೇ ಕೊಟ್ಟಳೋ ಏನೋ, ನಾನು ಕೇಳಲಿಲ್ಲ.

ನಲವತ್ತು ನಿಮಿಷ ಕೂತೆ. ಮೊದಲು ಹಾಯಾಗಿತ್ತು, ಮಂಡಿ ನೋವಿನವಳಿಗೆ ಬೆಂಚು ಸಿಕ್ಕರೆ ಇನ್ನೇನು ಬೇಕು. ಡ್ರಾಯಿಂಗ್ ಟೀಚರ್ ಓಡುವುದನ್ನು ನೋಡಿ ನಗುತ್ತಿದ್ದೆ. ಸ್ವಲ್ಪ ಹೊತ್ತಿಗೆ ಗೊತ್ತಾಯಿತು, ನನ್ನ ಕಡೆ ಯಾರೂ ನೋಡುತ್ತಿಲ್ಲ. ಔಟೋ ಅಲ್ಲವೋ ಎಂದು ಜಗಳ ಬಂದಾಗ ಮಾತ್ರ ತಿರುಗುತ್ತಾರೆ, ನಾನು ಹೇಳಿದ ಕೂಡಲೇ ಮತ್ತೆ ಮರೆಯುತ್ತಾರೆ. ಚೆಂಡು ನಾಲ್ಕು ಸಲ ಬೆಂಚಿನ ಹತ್ತಿರ ಉರುಳಿ ಬಂತು. ನಾಲ್ಕು ಸಲವೂ ಎತ್ತಿ ಕೊಟ್ಟೆ. ಪ್ರತಿ ಸಲವೂ, ಈಗ ಬಾ ಅಂತಾರೆ, ಈಗ ಅಂತಾರೆ ಎಂದು ಕಾದೆ. ಅರವತ್ತು ಹತ್ತಿರ ಬಂದ ಹೆಂಗಸು, ಬರೀ ಪಾಠಕ್ಕೆ ಕೂತವಳು, ಚೆಂಡು ಇನ್ನೊಮ್ಮೆ ಈ ಕಡೆ ಉರುಳಲಿ ಎಂದು ನೋಡುತ್ತ ಕೂತೆ. ನಿನ್ನ ಹತ್ತಿರ ಆರು ವರ್ಷದಲ್ಲಿ ಎಷ್ಟು ಸಲ ಬಂದಿತ್ತೋ ಚೆಂಡು.

ಮಾರನೆಯ ವಾರ ಗುಬ್ಬಿಗೆ ಆಟ ಶುರುಮಾಡೋಣ ಅಂದೆವು. ಅವಳಿಗೆ ಗೆರೆ ಹತ್ತಿರ ಎಳೆಯುವುದು, ಸ್ಪಂಜಿನ ಚೆಂಡು, ಸ್ಕೋರ್ ಬರೆಯುವುದು ದಿನಕ್ಕೊಬ್ಬರ ಸರದಿ, ಯಾರಿಗೂ ಖಾಯಂ ಅಲ್ಲ. ಅಷ್ಟರಲ್ಲಿ ಅವಳಮ್ಮ ಓಡಿಬಂದಳು. "ಬೇಡ ಮೇಡಂ, ಡಾಕ್ಟರು ಬೇಡ ಅಂದಿದಾರೆ" ಅಂದಳು. ಯಾವ ಡಾಕ್ಟರು, ಚೀಟಿ ಇದ್ದರೆ ತೋರಿಸಮ್ಮ ಅಂದೆ. ಅವಳು ತಲೆ ತಗ್ಗಿಸಿ ಬ್ಯಾಗಿನ ಜಿಪ್ಪು ಎಳೆದಳು, ಮತ್ತೆ ಹಾಕಿದಳು, ಮತ್ತೆ ಎಳೆದಳು. ಆ ಬ್ಯಾಗಿನಲ್ಲಿ ಯಾವ ಚೀಟಿಯೂ ಇಲ್ಲ ಎಂದು ನನಗೆ ಗೊತ್ತಾಯಿತು. ಹೇಗೆ ಗೊತ್ತಾಯಿತೆಂದರೆ, ನಾನೂ ಹಾಗೆಯೇ ಮಾಡಿದವಳು.

ನಿನ್ನ ಏಳನೇ ಪುಟದಲ್ಲಿ ಒಂದು ತಪ್ಪಿದೆ ಮಗಳೇ. ಡಾಕ್ಟರು ಬೇಡ ಅಂದಿರಲಿಲ್ಲ.

ನಿನಗೆ ಏಳು ವರ್ಷ. ನಿಮ್ಮಪ್ಪ ನಿನ್ನನ್ನು ಎತ್ತಿಕೊಂಡು ಕೆಳಗೆ ಔಷಧಿಯ ಸಾಲಿನಲ್ಲಿ ನಿಂತಿದ್ದರು. ಒಳಗೆ ನಾನೊಬ್ಬಳೇ. ಡಾಕ್ಟರು ನಿಧಾನವಾಗಿ ಹೇಳಿದರು: "ಸ್ನಾಯು ಸೊರಗುವ ಕಾಯಿಲೆ. ಹದಿಮೂರೋ ಹದಿನಾಲ್ಕೋ ತನಕ ನಡೀತಾಳೆ. ಆಡಿದ್ರೂ ಅಷ್ಟೆ, ಆಡದಿದ್ರೂ ಅಷ್ಟೆ. ಹಾಗಾಗಿ ಆಡ್ಲಿ ಬಿಡಿ. ಸುಸ್ತಾದ್ರೆ ಅವಳೇ ಕೂತ್ಕೋತಾಳೆ. ಇದೇ ಅವಳ ಓಡಾಡೋ ಕಾಲ."

ನಾನು ಹೊರಗೆ ಬಂದು ನಿಮ್ಮಪ್ಪನಿಗೆ, ಓಡಬಾರದಂತೆ, ಡಾಕ್ಟರು ಖಡಾಖಂಡಿತ ಹೇಳಿದರು ಅಂದೆ. ಅವರು ಹೋಗುವ ತನಕ ಅದನ್ನೇ ನಂಬಿದ್ದರು. ಯಾಕೆ ಹಾಗೆ ಹೇಳಿದೆ ಎಂದರೆ, ಡಾಕ್ಟರಿಗೆ ಏನು ಗೊತ್ತು ಅನ್ನಿಸಿತು. ಒಳ್ಳೆಯ ಬಟ್ಟೆಯನ್ನು ಉಡದೆ ಎತ್ತಿಟ್ಟರೆ ಬಾಳಿಕೆ ಬರುತ್ತದಲ್ಲ, ಕಾಲನ್ನೂ ಹಾಗೆ ಉಳಿಸಬಹುದು ಅಂದುಕೊಂಡೆ. ಉಳಿಯಲಿಲ್ಲ. ನೀನು ಅಂದುಕೊಂಡ ಆ ಎರಡು ವರ್ಷ ನಾನು ಕೊಟ್ಟದ್ದಲ್ಲ. ನಿನ್ನ ಹತ್ತಿರ ಇದ್ದದ್ದು ಅಷ್ಟೇ ವರ್ಷ, ಅದನ್ನು ನಾನು ಬೆಂಚಿನ ಮೇಲೆ ಕೂರಿಸಿ ಮುಗಿಸಿದೆ. ಬೇಲಿಯೇ ಎದ್ದು ಹೊಲ ಮೇಯಿತು.

ಇನ್ನೂ ಒಂದಿದೆ. ಅವತ್ತು ನಾನು ಹೊರಗೆ ಬಂದ ಕೂಡಲೇ ಸೀಟಿ ಊದಿದೆ ಎಂದು ನೀನು ತಿಳಿದಿದ್ದೀಯ. ಹಾಗಲ್ಲ. ಸಾಮಾನು ಕೋಣೆಯ ಕಿಟಕಿಯಲ್ಲಿ ತುಂಬ ಹೊತ್ತು ನಿಂತು ನೋಡಿದೆ. ನೀನು ನಗುತ್ತಿದ್ದೆ. ನಿನಗೆ ಅದು ಎಷ್ಟು ಖುಷಿ ಎಂದು ಚೆನ್ನಾಗಿ ಗೊತ್ತಾಗಿಯೇ ಹೊರಗೆ ಬಂದು ಊದಿದೆ.

ನಿನ್ನ ಪುಸ್ತಿಕೆಯ ಆ ಸಾಲು ಓದಿ ಇನ್ನೊಬ್ಬ ತಾಯಿ ಅದರ ಹಿಂದೆ ಅಡಗಿಕೊಳ್ಳಬಾರದು. ತಿದ್ದು. ನನ್ನನ್ನು ದೂರಬಹುದು ಎಂದು ಬರಿ.

ಅಮ್ಮ


ಸೆಪ್ಟೆಂಬರ್ ೧೪

ಮಗಳೇ,

ನಿನ್ನಿಂದ ಕಾಗದವಿಲ್ಲ. ಬರಬೇಕೆಂದೂ ಇಲ್ಲ. ಅಂಚೆಯವನಿಗೆ ಮಾತ್ರ ನನ್ನನ್ನು ಕಂಡರೆ ಭಯ, ದೂರದಿಂದಲೇ "ಇವತ್ತು ಏನೂ ಇಲ್ಲ ಮೇಡಂ" ಎಂದು ಕೈಯಾಡಿಸುತ್ತಾನೆ.

ಗುಬ್ಬಿಯ ಅಮ್ಮನಿಗೆ ನನ್ನ ಕಥೆ ಹೇಳಿದೆ, ಒಂದು ಮಾತೂ ಬಿಡದೆ. ಅವಳು ಎದ್ದು ಹೋದಳು. ನಾಲ್ಕು ದಿನ ಗುಬ್ಬಿ ಬರಲಿಲ್ಲ. ಐದನೆಯ ದಿನ ಇಬ್ಬರೂ ಬಂದರು. ಅವಳಮ್ಮ ಬೆಂಚಿನ ಮೇಲೆ ಕೂತು, "ನಾನು ಇಲ್ಲೇ ಇರ್ತೀನಿ" ಅಂದಳು. ಇರು, ಆದರೆ ಸೀಟಿ ಮುಟ್ಟಬೇಡ ಅಂದೆ.

ಗುಬ್ಬಿ ಆಡಿದಳು. ಮೂರನೆಯ ಓಟಕ್ಕೆ ಬಿದ್ದಳು. ಮೊಣಕೈ ತರಚಿ ರಕ್ತ ಬಂತು. ಅವಳಮ್ಮ ಅರ್ಧ ಎದ್ದಳು, ನಾನು ಅವಳ ಕೈ ಹಿಡಿದು ಕೂರಿಸಿದೆ. ಗುಬ್ಬಿ ತಾನೇ ಎದ್ದು, "ನನ್ನ ಔಟ್ ಮಾಡ್ಬೇಡಿ, ನಾನು ಬಿದ್ದಿದ್ದು, ಚೆಂಡು ತಾಗಿಲ್ಲ" ಎಂದು ಜಗಳಕ್ಕೆ ನಿಂತಳು. ಎಲ್ಲರ ಜೊತೆ ಸಮಸಮ ಕಿತ್ತಾಡಿದಳು. ಕೊನೆಗೂ ಅವಳದ್ದೇ ನಡೆಯಿತು.

ನಾನು ಒಳಗೆ ಹೋಗಿ ಸಾಮಾನು ಕೋಣೆಯ ಬಾಗಿಲು ಹಾಕಿಕೊಂಡು ಅತ್ತೆ. ಗುಬ್ಬಿಗಾಗಿ ಅಲ್ಲ.

ಕ್ಷಮೆ ಕೇಳುವುದಿಲ್ಲ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕ್ಷಮೆ ಕೇಳಿಸಿದವಳು ನಾನು, ಅದರಿಂದ ಏನು ಬಂತು ಎಂದು ನೋಡಿದ್ದೇನೆ.

ಅಮ್ಮ


ನವೆಂಬರ್ ೨

ಅಮ್ಮ,

ಪುಸ್ತಿಕೆ ಮರುಮುದ್ರಣವಾಗಿದೆ, ಜೊತೆಗಿಟ್ಟಿದ್ದೇನೆ. ಏಳನೇ ಪುಟದಲ್ಲಿ ವೈದ್ಯರ ಸಾಲು ತೆಗೆದೆ. ಅದರ ಜಾಗದಲ್ಲಿ ಏನು ಬರೆಯಬೇಕೆಂದು ಎರಡು ತಿಂಗಳು ಕೂತೆ, ತಿಳಿಯಲಿಲ್ಲ. ನಿನ್ನನ್ನು ದೂರಬಹುದು ಎಂದೂ ಬರೆದು ನೋಡಿದೆ, ಅಳಿಸಿದೆ. ಈಗ ಅಲ್ಲಿ ಏನೂ ಇಲ್ಲ.

ಆ ಹನ್ನೊಂದು ನಿಮಿಷ ಇಷ್ಟು ದಿನ ನನಗೆ ಸಿಕ್ಕಿದ್ದು ಎಂದುಕೊಂಡಿದ್ದೆ. ನಿನ್ನ ಕಾಗದ ಓದಿದ ಮೇಲೆ ಅದರ ಸುತ್ತ ಇದ್ದ ಆರು ವರ್ಷ ಕಾಣಿಸತೊಡಗಿದೆ. ಬೆಳಿಗ್ಗೆ ಹಲ್ಲುಜ್ಜುವಾಗ ಕಾಣಿಸುತ್ತದೆ, ಪಾಠ ಮಾಡುವಾಗ ಕಾಣಿಸುತ್ತದೆ. ಕಳೆದ ವಾರ ಒಂದು ತರಬೇತಿಯ ಮಧ್ಯೆ ಮಾತು ನಿಂತುಹೋಗಿ ಉದ್ದಕ್ಕ ಮುಂದುವರಿಸಬೇಕಾಯಿತು. ಹೌದು, ಈಗ ನಾವೆಲ್ಲರೂ ಅವಳನ್ನು ಹಾಗೇ ಕರೆಯುತ್ತೇವೆ.

ನೀನು ಹೇಳದೆಯೇ ಇರಬಹುದಿತ್ತು. ಗುಬ್ಬಿಗೋಸ್ಕರ ಹೇಳಿದೆ. ಅದು ಸರಿ ಎಂದು ಬುದ್ಧಿಗೆ ಗೊತ್ತು. ನಾನು ಆ ಇಳಿಜಾರು ಹತ್ತಿ ಬರುತ್ತೇನೆಂದು ಸದ್ಯಕ್ಕೆ ಕಾಯಬೇಡ. ಯಾವಾಗ ಎಂದು ನನಗೂ ಗೊತ್ತಿಲ್ಲ.

ಒಂದೇ ಒಂದು ಕೇಳುತ್ತೇನೆ. ನಾನು ಓಡಿದ್ದು ನನಗೆ ನೆನಪಿದೆ ಎಂದು ಎಲ್ಲರಿಗೂ ಹೇಳುತ್ತೇನೆ, ನಿಜವಾಗಿ ನೆನಪಿಲ್ಲ. ೪:೨೦ ಎಂದು ಬರೆದದ್ದು ನೆನಪಿದೆ, ೪:೩೧ ಎಂದು ಬರೆದದ್ದು ನೆನಪಿದೆ. ನಡುವಿನದ್ದು ಇಲ್ಲ. ಡ್ರಾಯಿಂಗ್ ಟೀಚರನ್ನು ಒಮ್ಮೆ ಕೇಳಿದ್ದೆ, ಅವಳಿಗೂ ಬೈಸಿಕೊಂಡದ್ದಷ್ಟೇ ನೆನಪು. ಕಿಟಕಿಯಲ್ಲಿ ನಿಂತು ನೋಡಿದವಳು ನೀನು. ನಾನು ಹೇಗೆ ಓಡುತ್ತಿದ್ದೆ, ಬರೆದು ಕಳಿಸು. ಬೇರೆ ಏನೂ ಬರೆಯಬೇಡ.

ಇಂತಿ


ನವೆಂಬರ್ ೭

ನೀನು ಹಳದಿ ಲಂಗ ಹಾಕಿದ್ದೆ. ಓಡಲು ಅಡ್ಡಿಯಾಗುತ್ತದೆಂದು ಒಂದು ಕೈಯಲ್ಲಿ ಮೇಲೆತ್ತಿ ಹಿಡಿದಿದ್ದೆ. ಸೊಂಟ ಆ ಕಡೆ ಈ ಕಡೆ ಓಲಾಡುತ್ತಿತ್ತು, ಬಾತುಕೋಳಿ ಮರಿ ಓಡಿದ ಹಾಗೆ. ಎಡಗಾಲು ಸ್ವಲ್ಪ ಹೊರಕ್ಕೆ ಬೀಳುತ್ತಿತ್ತು. ವೇಗವೇನೂ ಇರಲಿಲ್ಲ, ಆದರೆ ನೀನು ಜಾಣೆ. ಚೆಂಡು ಎಸೆಯುವವರ ಕೈಯನ್ನೇ ನೋಡುತ್ತಿದ್ದೆ, ಅವರು ಬೇರೆಯವರ ಕಡೆ ತಿರುಗಿದಾಗ ಮಾತ್ರ ಹೊರಡುತ್ತಿದ್ದೆ. ಆರು ಸಲ ಗೆರೆ ದಾಟಿದೆ. ಒಂದು ಸಲವೂ ಚೆಂಡು ತಾಗಲಿಲ್ಲ.

ನಾಲ್ಕನೆಯ ಸಲ ಜಡೆ ಬಿಚ್ಚಿಹೋಯಿತು. ಕಟ್ಟಿಕೊಳ್ಳಲಿಲ್ಲ. ಕೂದಲೆಲ್ಲ ಬಾಯೊಳಗೆ ಹೋಗುತ್ತಿತ್ತು, ತುಪ್ಪುತ್ತ ನಗುತ್ತಿದ್ದೆ. ಐದನೆಯ ಸಲ ಮುಗ್ಗರಿಸಿದೆ, ಬೀಳಲಿಲ್ಲ. ಗೆರೆ ಮುಟ್ಟಿದಾಗ ನಿನ್ನ ಪಕ್ಕದಲ್ಲಿದ್ದವಳ ಭುಜಕ್ಕೆ ಜೋರಾಗಿ ಒಂದು ಏಟು ಕೊಟ್ಟೆ, ಅವಳೂ ತಿರುಗಿ ಕೊಟ್ಟಳು. ಉಸಿರು ಬಿಡಲಾಗದೆ ಮಂಡಿಯ ಮೇಲೆ ಕೈಯೂರಿ ನಿಂತೆ. ಬೆಂಚಿನ ಕಡೆ ಒಮ್ಮೆಯೂ ನೋಡಲಿಲ್ಲ. ಕಿಟಕಿಯ ಕಡೆಯೂ ನೋಡಲಿಲ್ಲ.

ಆರನೆಯ ಸಲಕ್ಕೆ ನೀನೇ ಎಲ್ಲರಿಗಿಂತ ಮೊದಲು ಹೊರಟೆ. ಬೇರೆಯವರು ಇನ್ನೂ ಗೆರೆಯ ಮೇಲಿದ್ದರು. ನಡು ಅಂಗಳದಲ್ಲಿ ನೀನೊಬ್ಬಳೇ, ಕೈಯಲ್ಲಿ ಲಂಗ, ಬಾಯಲ್ಲಿ ಕೂದಲು. ಆ ಗೆರೆಯನ್ನೂ ದಾಟಿ, ನಿಲ್ಲಲಾಗದೆ ಇನ್ನೂ ನಾಲ್ಕು ಹೆಜ್ಜೆ ಮುಂದೆ ಹೋದೆ.

ನಾನು ಕಿಟಕಿ ಬಿಟ್ಟದ್ದು ಆಗ. ಅಲ್ಲಿಂದ ಮುಂದಿನದು ನಿನಗೆ ಗೊತ್ತು, ಬರೆಯುವುದಿಲ್ಲ.

ಅಮ್ಮ